ತಿರುಗಿ ಕೂತ ಗಾಜು

ಗಾಜು ಮುಟ್ಟಬೇಡಿ ಎಂದು ಅವಳು ಹೇಳಿಹೋದ ಮಾತು ಬೆಳಗಿನಿಂದ ಅವನ ತಲೆಯಲ್ಲಿ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕೂತಿತ್ತು. ಮೂವತ್ತು ವರ್ಷದಿಂದ ಲೆನ್ಸು ಬಿಚ್ಚಿ ಜೋಡಿಸುತ್ತಿರುವವನಿಗೆ, ಸ್ಟುಡಿಯೋದವರೆಲ್ಲ ಲೆನ್ಸ್ ಮೇಷ್ಟ್ರು ಎಂದು ಕರೆಯುವವನಿಗೆ, ಮೊನ್ನೆ ಮೊನ್ನೆ ಕ್ಯಾಮೆರಾ ಹಿಡಿದವಳು ಬಂದು ಗಾಜು ಮುಟ್ಟಬೇಡಿ ಎನ್ನುವುದು ಅಡುಗೆಯವನಿಗೆ ಒಲೆ ಮುಟ್ಟಬೇಡ ಎಂದಂತೆ. ಅವಳು ಎದುರಿಗಿದ್ದಾಗಲೇ ಏನಾದರೂ ಖಾರವಾಗಿ ಅಂದುಬಿಡಬೇಕಿತ್ತು. ಅಂದಿರಲಿಲ್ಲ. ಆಡದೆ ಉಳಿದ ಮಾತು ಅವನಲ್ಲಿ ಯಾವತ್ತೂ ಜೀರ್ಣವಾದದ್ದಿಲ್ಲ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಟೇಬಲ್ ಫ್ಯಾನಿಗೆ, ಕಿರುಗುಟ್ಟುವ ಸ್ಟೂಲಿಗೆ, ಮುಚ್ಚಳ ಸಡಿಲವಾದ ಪೆಟ್ರೋಲಿನ ಸೀಸೆಗೆ ಒಂದೊಂದಾಗಿ ಬೈಯುತ್ತ ಅರ್ಧ ಗಂಟೆ ಕಳೆದ. ಆಮೇಲೆ ಕೈ ತೊಳೆದುಕೊಂಡು ಕೆಲಸಕ್ಕೆ ಕೂತ.

ಲೆನ್ಸು ಅವನೆದುರು ರಬ್ಬರ್ ಹಾಸಿನ ಮೇಲೆ ಮೂತಿ ಕೆಳಗೆ ಮಾಡಿ ಕೂತಿತ್ತು. ಐವತ್ತೆಂಟು ಮಿಲಿಮೀಟರಿನದು, ಫಿಲ್ಮಿನ ಕಾಲದ್ದು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು. ಅಂಥದ್ದನ್ನು ಅವಳು ಈ ವರ್ಷ ಬಂದ ಕ್ಯಾಮೆರಾಕ್ಕೆ, ಮುಖದ ಮೇಲಿನ ರೋಮಗಳನ್ನು ಎಣಿಸಿ ಕೊಡುವಂಥ ಸೆನ್ಸರಿನ ಕ್ಯಾಮೆರಾಕ್ಕೆ, ನಡುವೆ ಒಂದು ಅಡಾಪ್ಟರ್ ಉಂಗುರ ಹಾಕಿ ತಿರುಚಿ ಕೂರಿಸಿದ್ದಳು. ಈಗಿನವರಿಗೆಲ್ಲ ಇದೇ ಹುಚ್ಚು. ಹೊಸ ಲೆನ್ಸು ತೀರ ಚೊಕ್ಕಟವಂತೆ, ಅದರಲ್ಲಿ ಉಸಿರಿಲ್ಲವಂತೆ. ಅವರು ಹಾಗೆಂದಾಗ ಅವನಿಗೆ ನಗು ಬರುತ್ತಿತ್ತು, ಆದರೆ ಆ ಹುಚ್ಚಿನಿಂದಲೇ ಅವನ ಅಂಗಡಿಯ ಬಾಗಿಲು ಇನ್ನೂ ತೆರೆದಿತ್ತು, ಹಾಗಾಗಿ ನಗುವನ್ನು ನುಂಗಿಕೊಳ್ಳುತ್ತಿದ್ದ. ಹತ್ತು ದಿನದಲ್ಲಿ ಅವಳದೊಂದು ಪ್ರದರ್ಶನವಿತ್ತು. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತ ಕೂತವರ ಮುಖಗಳಂತೆ. ಇಪ್ಪತ್ತು ಬೇಕು, ಎರಡು ಬಾಕಿಯಿದೆ, ಅಷ್ಟರಲ್ಲಿ ಲೆನ್ಸಿನ ಬ್ಲೇಡುಗಳ ಮೇಲೆ, ಅಂದರೆ ಬೆಳಕಿನ ಕಂಡಿಯನ್ನು ಕಿರಿದು ಹಿರಿದು ಮಾಡುವ ಆ ತೆಳ್ಳನೆ ತಗಡುಗಳ ಮೇಲೆ, ಎಣ್ಣೆ ಜಿನುಗಿ ಅವು ಅಂಟಿಕೊಳ್ಳತೊಡಗಿದ್ದವು. ಫೋನು ಮುಂದೆ ಹಿಡಿದು ಚಿತ್ರ ತೋರಿಸಿದ್ದಳು. ನಡುವೆ ಮುಖ, ಮುಖದಲ್ಲೂ ಕಣ್ಣು ಮಾತ್ರ ಗಟ್ಟಿಯಾಗಿ, ಉಳಿದದ್ದೆಲ್ಲ ಅಂಚಿಗೆ ಹೋಗುತ್ತ ಹೋಗುತ್ತ ಬಿಸಿನೀರಿನ ಆವಿಯೊಳಗೆ ಕರಗಿದಂತೆ. ಚೆನ್ನಾಗಿದೆ ಎಂದು ಅವನ ಬಾಯಲ್ಲಿ ಬರಲಿಲ್ಲ. ಹ್ಞೂಂ ಎಂದಿದ್ದ.

"ಬ್ಲೇಡ್ ಒರೆಸಿ ಕೊಟ್ರೆ ಸಾಕು ಮೇಷ್ಟ್ರೇ, ಗಾಜು ಮುಟ್ಟಬೇಡಿ," ಎಂದಿದ್ದಳು. "ಇದೇ ಮಾಡೆಲ್ ಇನ್ನೂ ನಾಲ್ಕು ತರಿಸಿ ನೋಡಿದೀನಿ. ಒಂದರಲ್ಲೂ ಹೀಗೆ ಬರಲ್ಲ. ಇದಕ್ಕೇನೋ ಆಗಿದೆ, ಏನು ಅಂತ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಗಾಜು ತೆಗೆಯದೆ ಬ್ಲೇಡಿನ ತನಕ ಕೈ ಹೋಗುವುದಿಲ್ಲ ಎಂಬಷ್ಟೂ ತಿಳಿಯದವಳು. ಅದನ್ನು ಅವಳಿಗೆ ಹೇಳಿ ತಿಳಿಸುವ ಗೋಜಿಗೂ ಅವನು ಹೋಗಿರಲಿಲ್ಲ.

ಎರಡು ಮೊನೆಯ ಸ್ಪ್ಯಾನರಿನಿಂದ ಹಿಂದಿನ ಉಂಗುರ ಸಡಿಲಿಸಿದ. ಹಟ ಮಾಡದೆ ಬಂತು. ಹೀಗೆ ಸುಲಭವಾಗಿ ಬಂದರೆ ಹಿಂದೆ ಯಾರೋ ಬಿಚ್ಚಿದ್ದಾರೆಂದೇ ಅರ್ಥ, ಆ ಯಾರೋ ಒಬ್ಬ ಕೆಲಸ ಬಲ್ಲವನು, ಉಂಗುರದ ಕಚ್ಚಿನಲ್ಲಿ ಒಂದು ಗೀರೂ ಇಲ್ಲ. ಒಳ್ಳೆಯ ಕೈ ಎಂದುಕೊಂಡ. ಹೆಚ್ಚಿನವರು ಇಕ್ಕಳ ಹಾಕಿ ಹರಿದಿಡುತ್ತಾರೆ. ಕೊನೆಯ ಗಾಜನ್ನು ರಬ್ಬರಿನ ಬಟ್ಟಲಿಗೆ ಅಂಟಿಸಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟು, ಬ್ಯಾರಲ್ಲಿನ ಒಳಗೆ ಟಾರ್ಚು ಬಿಟ್ಟು ನೋಡಿದ. ಕಪ್ಪು ಬಣ್ಣದ ಒಳಗೋಡೆಯ ಮೇಲೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಹೊಳೆಯುವ ಹಾಗೆ, ಪೆನ್ಸಿಲಿನಲ್ಲಿ ತಿಂಗಳು ಮತ್ತು ವರ್ಷ ಬರೆದಿತ್ತು. ಒಳ್ಳೆಯ ಕೈ ಯಾರದೆಂದು ಆಗ ತಿಳಿಯಿತು. ಬಿಚ್ಚಿದ ಪ್ರತಿ ಲೆನ್ಸಿನ ಒಳಗೂ ಹೀಗೆ ಬರೆಯುವುದು ಅವನದೇ ಪದ್ಧತಿ. ಏಳರ ಅಂಕಿಗೆ ಹೊಟ್ಟೆಯಲ್ಲಿ ಅಡ್ಡಗೆರೆ ಎಳೆಯುವುದು ಅವನೊಬ್ಬನೇ. ಹದಿನೈದು ವರ್ಷದ ಹಿಂದಿನ ನವೆಂಬರು. ಯಾವ ಗಿರಾಕಿಯದಾಗಿತ್ತೋ, ಎಷ್ಟು ಕೈ ಬದಲಾಯಿಸಿ ಈ ಹುಡುಗಿಗೆ ಸೇರಿತೋ. ಅವನಿಗೆ ಸಣ್ಣದೊಂದು ಹೆಮ್ಮೆಯಾಯಿತು. ಹದಿನೈದು ವರ್ಷ ತಡೆದಿದೆ ನನ್ನ ಕೆಲಸ, ಗಾಜು ಮುಟ್ಟಬೇಡಿ ಅನ್ನುತ್ತಾಳೆ.

ಬ್ಲೇಡುಗಳ ಎಣ್ಣೆಯನ್ನು ಪೆಟ್ರೋಲು ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಲು ಬಿಟ್ಟು, ಹೊರಗಿಟ್ಟಿದ್ದ ಗಾಜನ್ನು ಧೂಳು ನೋಡಲೆಂದು ಅಂಚಿನಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದ. ಎರಡೂ ಕಡೆ ಉಬ್ಬಿದ ಗಾಜು ಅದು. ಈ ಮಾಡೆಲ್ಲಿನಲ್ಲಿ ಎರಡು ಉಬ್ಬಿಗೂ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಬೆರಳಿಗೆ ತಿಳಿಯುವುದಿಲ್ಲ, ಕಣ್ಣಿಗೂ ಸುಮ್ಮನೆ ತಿಳಿಯುವುದಿಲ್ಲ. ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಒಂದು ಕಡೆ ನೋಡಿ, ತಿರುಗಿಸಿ ಇನ್ನೊಂದು ಕಡೆ ನೋಡಿದರೆ, ಒಂದು ಗೆರೆ ಇನ್ನೊಂದಕ್ಕಿಂತ ಒಂದಿಷ್ಟು ದಪ್ಪ. ದಪ್ಪ ಗೆರೆಯ ಕಡೆ ಒಳಗಿರಬೇಕು. ಇದರಲ್ಲಿ ದಪ್ಪ ಗೆರೆಯ ಕಡೆ ಹೊರಗಿತ್ತು. ಎತ್ತಿದಾಗ ತಾನೇ ಮಗುಚಿದೆನೇನೋ ಎಂದು ಅವನು ಮೊದಲು ನೆನಪಿಗೆ ಬೈದ. ಇಲ್ಲ, ರಬ್ಬರಿನ ಬಟ್ಟಲಿಗೆ ಅಂಟಿದ್ದ ಸುತ್ತಿನ ಗುರುತು ಹೊರಗಿನ ಮೈಮೇಲೆ ಇನ್ನೂ ಇತ್ತು. ಗಾಜು ತಿರುಗಿ ಕೂತಿತ್ತು. ಹದಿನೈದು ವರ್ಷದಿಂದ ಬೆನ್ನು ಮುಂದೆ ಮಾಡಿಕೊಂಡು ಕೂತಿತ್ತು. ಅವಳ ಮುಖಗಳ ಸುತ್ತಲಿನ ಆವಿ ಎಲ್ಲಿಂದ ಏಳುತ್ತಿದೆಯೆಂದು ತಿಳಿಯಿತು. ದೂರದ್ದನ್ನು ತೆಗೆದಿದ್ದರೆ ಅವಳಿಗೂ ಗೊತ್ತಾಗುತ್ತಿತ್ತು, ದೂರದ್ದು ಇದರಲ್ಲಿ ಎಂದೂ ನಿಲುಕದು; ಅವಳು ಮುಖದ ಹತ್ತಿರವೇ ಇರುವವಳು.

ಗಾಜಿನ ಅಂಚನ್ನು ಸುತ್ತಲೂ ನೋಡಿದ. ಪೆನ್ಸಿಲಿನ ಗುರುತು ಇರಲಿಲ್ಲ. ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಎರಡನೆಯ ಸಲ ಸುತ್ತಿಸಿ ನೋಡಿದ. ಅಂಚಿಗೆ ಗುರುತು ಹಾಕುತ್ತಿದ್ದವನು ಆಗ ಅಂಗಡಿಯಲ್ಲಿ ಜೊತೆಗಿದ್ದ ಅವನ ತಮ್ಮ. ಯಾವ ಗಾಜನ್ನೇ ಎತ್ತಲಿ, ಎತ್ತುವ ಮುಂಚೆ ಅಂಚಿನಲ್ಲಿ ಮುಂಭಾಗಕ್ಕೆ ಒಂದು ಸಣ್ಣ ಗೀಟು ಎಳೆದೇ ಎತ್ತುತ್ತಿದ್ದ, ನಾಲಗೆಯ ತುದಿಯನ್ನು ತುಟಿಯ ಮೂಲೆಯಲ್ಲಿ ಹೊರಗಿಟ್ಟುಕೊಂಡು, ಸ್ಲೇಟಿನ ಮೇಲೆ ತಿದ್ದುವ ಮಗುವಿನ ಹಾಗೆ. ಅದನ್ನು ನೋಡಿದರೆ ಅವನಿಗೆ ಮೈ ಉರಿಯುತ್ತಿತ್ತು. ಗಾಜು ಹೇಗಿತ್ತು ಎಂದು ನೆನಪಿಡಲಾರದವನು ಈ ಕೆಲಸಕ್ಕೆ ಯಾಕೆ ಬರಬೇಕು, ಗುಮಾಸ್ತನಾಗು ಹೋಗು, ಎಂದು ಗಿರಾಕಿಗಳೆದುರೇ ಹಂಗಿಸುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ, ನಗುತ್ತಲೇ ಗೀಟು ಎಳೆಯುತ್ತಿದ್ದ.

ತಮ್ಮ ಅಂಗಡಿ ಬಿಟ್ಟು ಹೋದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಮಗಳ ಶಾಲೆಗೆ ದೊಡ್ಡ ರಜ. ಅವಳು ಚಿಕ್ಕಪ್ಪ ಎಲ್ಲಿ ಎಂದು ಕೇಳಿ ಕೇಳಿ ಒಂದು ದಿನ ಏಟು ತಿಂದದ್ದು ನೆನಪಿದೆ. ಬ್ಯಾರಲ್ಲಿನೊಳಗೆ ನವೆಂಬರು. ಆಗ ಅಂಗಡಿಯಲ್ಲಿ ಇದ್ದದ್ದು ಅವನೊಬ್ಬನೇ. ಬಿಚ್ಚಿದವನೂ ಮುಚ್ಚಿದವನೂ ತಾರೀಖು ಬರೆದವನೂ ಅವನೇ. ಒಂದು ತಿಂಗಳು ಎಂದು ಬೆರಳು ಮಡಿಸಿ ಎಣಿಸಿದ, ಎರಡು, ಮೂರು, ಆರರ ತನಕ. ಎಣಿಸುವುದರಲ್ಲಿ ಏನೂ ಇರಲಿಲ್ಲ, ಮೇ ಆದ ಮೇಲೆಯೇ ನವೆಂಬರು ಬರುತ್ತದೆ. ಫ್ಯಾನು ತಲೆ ತಿರುಗಿಸಿ ಅವನ ಕಡೆ ಗಾಳಿ ಬಿಟ್ಟು ಮತ್ತೆ ಆ ಕಡೆ ಹೋಯಿತು.

ಆ ಮೇ ತಿಂಗಳ ದಿನ ಬಂದ ಲೆನ್ಸೂ ಇದೇ ಮಾಡೆಲ್ಲಿನದು. ದಪ್ಪ ಮೀಸೆಯ ಸ್ಟುಡಿಯೋದವನೊಬ್ಬ, ಅವನ ಹಳೆಯ ಗಿರಾಕಿ, ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡ ಹುರುಪಿನಲ್ಲಿ ಆ ಲೆನ್ಸನ್ನು ಅದಕ್ಕೆ ಹಾಕಿ ಒಂದು ಮದುವೆಯಿಡೀ ತೆಗೆದಿದ್ದ. ಒಂದು ಚಿತ್ರವೂ ಹರಿತವಾಗಿರಲಿಲ್ಲ. ನಿಮ್ಮಲ್ಲಿ ಸರ್ವಿಸಿಗೆ ಕೊಟ್ಟ ಮೇಲೆಯೇ ಹೀಗಾದದ್ದು ಎಂದು ಲೆನ್ಸನ್ನು ಕೌಂಟರಿನ ಮೇಲೆ ಕುಕ್ಕಿದ. ಅಂಗಡಿಯಲ್ಲಿ ಇನ್ನೂ ಮೂವರಿದ್ದರು. ಎಲ್ಲರೆದುರೇ ಬಿಚ್ಚಿ ತೋರಿಸುತ್ತೇನೆ, ನಮ್ಮ ಕೆಲಸದಲ್ಲಿ ಊನವಿಲ್ಲ ಎಂದು ಅವನು ಜಂಬದಲ್ಲಿ ಸ್ಪ್ಯಾನರ್ ಎತ್ತಿಕೊಂಡ. ಗಾಜು ಎತ್ತಿ ಬೆಳಕಿಗೆ ಹಿಡಿದ. ತಿರುಗಿ ಕೂತಿತ್ತು. ಅಷ್ಟು ಹೊತ್ತಿಗೆ ನಾಲ್ವರೂ ಕೌಂಟರಿನ ಮೇಲೆ ಬಗ್ಗಿದ್ದರು. ಆಮೇಲೆ ಎರಡು ಕ್ಷಣ ಇದ್ದವು. ಈ ಹದಿನೈದು ವರ್ಷದಲ್ಲಿ ಅವನು ಆ ಎರಡು ಕ್ಷಣಗಳನ್ನು ಒಂದೇ ಕ್ಷಣವೆಂಬಂತೆ ನೆನೆಸಿಕೊಳ್ಳುತ್ತ ಬಂದಿದ್ದ, ನೋಡಿದೆ, ಕೈ ಹೋಯಿತು, ಸಿಟ್ಟಿನ ಮನುಷ್ಯ ನಾನು, ಏನು ಮಾಡಲಿ. ಈಗ ಮಾತ್ರ ಆ ಎರಡೂ ಬಿಡಿಬಿಡಿಯಾಗಿ, ಬಿಚ್ಚಿಟ್ಟ ಬಿಡಿಭಾಗಗಳ ಹಾಗೆ ಬಟ್ಟೆಯ ಮೇಲೆ ಕೂತವು. ಮೊದಲ ಕ್ಷಣದಲ್ಲಿ ಅವನು ಗಾಜಿನ ಅಂಚು ನೋಡಿದ್ದ. ಅಂಚು ಬರಿದಾಗಿತ್ತು. ಎರಡನೆಯ ಕ್ಷಣದಲ್ಲಿ ಹಿಂದೆ ತಿರುಗಿ ತಮ್ಮನ ಕೆನ್ನೆಗೆ ಹೊಡೆದಿದ್ದ.

ಹೊಡೆದದ್ದಷ್ಟೇ ಆಗಿದ್ದರೆ. ಗಾಜು ಯಾವ ಕಡೆ ಕೂರಬೇಕೆಂದು ತಿಳಿಯದ ಕತ್ತೆ, ಸರ್ ಹತ್ತಿರ ಕ್ಷಮೆ ಕೇಳು, ಎಂದಿದ್ದ. ತಮ್ಮನಿಗೆ ಆಗ ಇಪ್ಪತ್ತನಾಲ್ಕು. ಕೆನ್ನೆಯ ಮೇಲೆ ಕೈ ಸಹ ಇಟ್ಟುಕೊಳ್ಳಲಿಲ್ಲ. ತಪ್ಪಾಯ್ತು ಸರ್ ಎಂದು ಮೀಸೆಯವನಿಗೆ ಹೇಳಿ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅದರ ಜಾಗದಲ್ಲೇ ಇಟ್ಟು, ಬೇಸಿನ್ನಿಗೆ ಹೋಗಿ ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆದುಕೊಂಡು, ಒರೆಸಿಕೊಂಡು, ಮೆಟ್ಟಿಲಿಳಿದು ಹೋದ. ಊಟಕ್ಕೆ ಹೋದನೆಂದೇ ಎಲ್ಲರೂ ತಿಳಿದರು. ನೀನು ಮಾಡಿದ್ದು ಎಂದು ತಮ್ಮ ಒಂದು ಮಾತು ಅಂದಿದ್ದರೆ ಜಗಳವಾಗುತ್ತಿತ್ತು. ಜಗಳವಾಗಿದ್ದರೆ ಮರುದಿನ ಮುಗಿಯುತ್ತಿತ್ತು. ಅವನು ಹಾಗನ್ನದೆ ಹೋದದ್ದನ್ನು ಇಷ್ಟು ವರ್ಷ ಒಪ್ಪಿಗೆಯೆಂದು ಲೆಕ್ಕ ಹಿಡಿದಿದ್ದಾಯಿತು. ತಪ್ಪಿಲ್ಲದವನಾದರೆ ಬಾಯಿ ಬಿಡುತ್ತಿರಲಿಲ್ಲವೇ. ಅಂಚಿನಲ್ಲಿ ಗೀಟಿಲ್ಲದ್ದು ನಡುವೆ ಯಾವಾಗಲಾದರೂ ತಲೆ ಎತ್ತಿದರೆ, ಆವತ್ತು ಮರೆತಿರಬೇಕು, ಪೆನ್ಸಿಲು ಸಿಕ್ಕಿರಲಿಕ್ಕಿಲ್ಲ, ಎಂದು ಅದನ್ನು ಕೂರಿಸುತ್ತಿದ್ದ. ಇವತ್ತು ಈ ಗಾಜು ಹೇಳುತ್ತಿದ್ದದ್ದು ಹೊಸದೇನೂ ಅಲ್ಲ. ನೆವವೊಂದನ್ನು ಕಿತ್ತುಕೊಂಡಿತ್ತು, ಅಷ್ಟೆ.

ಹೆಂಡತಿಗೆ ಎಲ್ಲ ಗೊತ್ತಿದ್ದೀತು. ತಮ್ಮ ಮದುವೆಯಾದದ್ದು, ಕನ್ನಡಕದ ಅಂಗಡಿಯಲ್ಲಿ ಸೇರಿದ್ದು, ಆಮೇಲೆ ತನ್ನದೇ ಇಟ್ಟದ್ದು, ಎಲ್ಲ ಅವಳ ಬಾಯಿಂದಲೇ ತಿಳಿದದ್ದು, ಅದೂ ಅವಳು ಯಾರಿಗೂ ಅಲ್ಲದ ಹಾಗೆ, ತರಕಾರಿ ಹೆಚ್ಚುತ್ತ ಹಲಗೆಗೆ ಹೇಳಿದಂತೆ. ನಾನು ಕೇಳಿದೆನಾ ಎಂದು ಅವನು ಗದರಿದರೆ ಹಲಗೆಯ ಸದ್ದು ಜೋರಾಗುತ್ತಿತ್ತು. ಅವನು ಅಂಗಡಿಯಲ್ಲಿರುವ ಭಾನುವಾರಗಳಲ್ಲಿ ತಮ್ಮ ಹೆಂಡತಿ ಮಕ್ಕಳ ಸಮೇತ ಮನೆಗೆ ಬಂದು ಹೋಗುತ್ತಾನೆಂಬುದು ಅವನಿಗೆ ತಿಳಿದಿತ್ತು. ಕುರ್ಚಿಗಳು ಜಾಗ ಬದಲಾಯಿಸಿರುತ್ತಿದ್ದವು, ಮನೆಯ ಗಾಳಿಯಲ್ಲಿ ಯಾರೋ ನಕ್ಕು ಹೋದ ಗುರುತಿರುತ್ತಿತ್ತು, ಅವನು ಚಪ್ಪಲಿ ಬಿಡುತ್ತಿದ್ದ ಹಾಗೆ ಎಲ್ಲರೂ ಸಪ್ಪಗಾಗುತ್ತಿದ್ದರು. ಮೂರು ವರ್ಷದ ಹಿಂದೆ ಹೆಂಡತಿ ಒಂದು ಸಂಜೆ ಕನ್ನಡಕ ಹಾಕಿಕೊಂಡು ಎದುರಿಗೆ ಬಂದು ನಿಂತಿದ್ದಳು. ಎಲ್ಲಿ ಮಾಡಿಸಿದೆ ಎಂದು ಕೇಳಿದ್ದಕ್ಕೆ, ಅಲ್ಲೇ ಒಂದು ಕಡೆ, ಎಂದಿದ್ದಳು. ಅವನು ಮುಂದೆ ಕೇಳಲಿಲ್ಲ. ಗಾಜನ್ನು ಫ್ರೇಮಿಗೆ ಕೂರಿಸಿದ ಅಂಚು ನೋಡಿದರೇ ಗೊತ್ತಾಗುತ್ತಿತ್ತು, ಅಷ್ಟು ನವಿರಾಗಿ ಅರೆದವರು ಯಾರೆಂದು. ಅಂದಿನಿಂದ ಅವಳು ಅವನನ್ನು ನೋಡುವುದೆಲ್ಲ ತಮ್ಮ ಅರೆದು ಕೊಟ್ಟ ಗಾಜಿನೊಳಗಿಂದಲೇ. ಊಟಕ್ಕೆ ಬಡಿಸುವಾಗ, ಪೇಪರನ್ನು ಕೈಯುದ್ದ ದೂರ ಹಿಡಿದು ಅವನು ಕಣ್ಣು ಕಿರಿದು ಮಾಡುವಾಗ, ಆ ಎರಡು ಗಾಜು ಸುಮ್ಮನೆ ಅವನನ್ನು ನೋಡುತ್ತಿದ್ದವು.

ಗಾಜನ್ನು ಸರಿಯಾದ ಕಡೆಗೆ ತಿರುಗಿಸಿ ಕೂರಿಸಿದ. ಅಂಗಡಿಯ ಕ್ಯಾಮೆರಾಕ್ಕೆ ಲೆನ್ಸು ಹಾಕಿ ಕಿಟಕಿಯ ಬಳಿ ನಿಂತು ಎದುರು ಮಹಡಿಯ ಟೈಲರನ್ನು ತೆಗೆದ. ಟೈಲರು ಮಿಷನ್ನಿನ ಮೇಲೆ ಬಗ್ಗಿ ಕೂತವನು, ಕತ್ತಿಗೆ ಟೇಪು, ಬಾಯಲ್ಲಿ ಗುಂಡುಸೂಜಿ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಟೇಪಿನ ಅಂಕಿ ಓದಬಹುದಿತ್ತು, ಕಿಟಕಿಯ ಸರಳಿನ ತುಕ್ಕು, ಮೂಲೆಯಲ್ಲಿ ನೇತುಹಾಕಿದ್ದ ಕೋಟಿನ ಗುಂಡಿ, ಎಲ್ಲ ಹರಿತ. ಒಳ್ಳೆಯ ಲೆನ್ಸು ಇದು. ಮತ್ತೆ ಬಿಚ್ಚಿ ಗಾಜನ್ನು ಹಿಂದಿನ ಹಾಗೆ ತಿರುಗಿಸಿ ಹಾಕಿದ. ಟೈಲರಿನಷ್ಟು ದೂರ ಈಗ ಲೆನ್ಸಿಗೆ ನಿಲುಕದೆ, ಕೆಳಗೆ ಹೋಗಿ, ಮೆಟ್ಟಿಲ ಬುಡದಲ್ಲಿ ಬಾಡಿಗೆ ಸ್ಕೂಟರಿನ ಮೇಲೆ ಕೂತ ಪಾರ್ಸಲಿನವನನ್ನು ಹತ್ತಿರದಿಂದ ತೆಗೆದು ಮೇಲೆ ಬಂದ. ಪಾರ್ಸಲಿನವನು, ಒಂದು ನಿಮಿಷದ ಹಿಂದೆ ಇವನನ್ನು ನೋಡಿ ಏನು ಸ್ವಾಮಿ ಎಂದು ನಕ್ಕವನು, ಪರದೆಯ ಮೇಲೆ ಸತ್ತವರು ನೆನಪಿಗೆ ಬರುವಂತೆ ಬಂದ. ಕಣ್ಣಿದ್ದವು. ಕಿವಿಯಾಚೆಗಿನದೆಲ್ಲ ಬಿಟ್ಟುಕೊಟ್ಟಿತ್ತು. ಚೆನ್ನಾಗಿದೆ ಎಂದು ಅವನಿಗೆ ಆಗ ಅನ್ನಿಸಿತು. ತನ್ನ ಕೈಯ ತಪ್ಪು ಚೆನ್ನಾಗಿದೆ ಎಂದು ಅನ್ನಿಸಿದ್ದು ಯಾಕೋ ಬಹಳ ಅಸಹ್ಯವಾಗಿ, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದ. ಸರಿ ಮಾಡಿ ಕೊಟ್ಟರೆ ಅವಳ ಪ್ರದರ್ಶನ ಕೆಡುತ್ತದೆ. ಹಾಗೆಯೇ ಕೊಟ್ಟು ಸುಮ್ಮನಿದ್ದರೆ ಯಾರಿಗೂ ಏನೂ ಕೆಡುವುದಿಲ್ಲ. ಆ ಸುಮ್ಮನಿರುವುದು ಅವನಿಗೆ ಗೊತ್ತಿದ್ದ ಕೆಲಸವೇ. ಹದಿನೈದು ವರ್ಷದ ಅನುಭವವಿತ್ತು.

ತಿರುಗಿದ ಗಾಜನ್ನು ತಿರುಗಿದಂತೆಯೇ ಬಿಟ್ಟು ಉಂಗುರ ಬಿಗಿದ. ಮಾರನೆಯ ಮಧ್ಯಾಹ್ನ ಅವಳು ಬಂದಳು. ಬ್ಲೇಡನ್ನು ಕಿರಿದು ಮಾಡಿ, ಹಿರಿದು ಮಾಡಿ, ಕ್ಯಾಮೆರಾಕ್ಕೆ ಹಾಕಿ ಅವನ ಮುಖಕ್ಕೇ ಗುರಿ ಹಿಡಿದು ಒಂದು ತೆಗೆದು, ಪರದೆ ನೋಡಿ, ಹಾಗೇ ಇದೆ, ಏನೂ ಬದಲಾಗಿಲ್ಲ, ಥ್ಯಾಂಕ್ಸ್ ಮೇಷ್ಟ್ರೇ ಎಂದಳು. ಅವಳು ಚೀಲದ ಜಿಪ್ಪು ಎಳೆಯುತ್ತಿದ್ದಾಗ ಅವನ ಬಾಯಿಂದ ಅದು ಹೊರಬಿತ್ತು. ಅದರ ಹಿಂದಿನ ಗಾಜು ಉಲ್ಟಾ ಕೂತಿದೆ, ಹಾಗೆ ಕೂರಿಸಿದವನು ನಾನೇ, ಹದಿನೈದು ವರ್ಷದ ಹಿಂದೆ, ತಪ್ಪಿ. ಅವಳು ಬೈಯುತ್ತಾಳೆ, ನಾಲ್ಕು ಜನಕ್ಕೆ ಹೇಳುತ್ತಾಳೆ, ಲೆನ್ಸ್ ಮೇಷ್ಟ್ರ ಹೆಸರು ಮೆಟ್ಟಿಲುರುಳಿ ಬೀದಿಗೆ ಬೀಳುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡು ನಿಂತ. ಬೀಳಲಿ ಎಂದೇ ಇತ್ತು ಅವನಿಗೆ. ಅವಳು ಕಣ್ಣರಳಿಸಿದಳು. ಚೀಲವನ್ನು ಎದೆಗವಚಿಕೊಂಡು, ಅಂದರೆ ಇದು ನೀವು ಮಾಡಿದ್ದಾ, ನಿಮ್ಮ ಕೈಯಲ್ಲಿ ಆಗಿದ್ದಾ, ಎಂದು ಎರಡು ಸಲ ಕೇಳಿದಳು. ಅವಳ ಮುಖದಲ್ಲಿ ಕೃತಜ್ಞತೆ ಬಿಟ್ಟರೆ ಬೇರೇನಿರಲಿಲ್ಲ.

"ಹಾಗಾದ್ರೆ ಈ ಫೋಟೋಗಳಲ್ಲಿ ಅರ್ಧ ನಿಮ್ಮದೇ ಮೇಷ್ಟ್ರೇ. ಗೋಡೆ ಮೇಲೆ ನಿಮ್ಮ ಹೆಸರು ಹಾಕಿಸ್ತೀನಿ. ನೀವು ಬರ್ಲೇಬೇಕು, ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ."

"ಏನೂ ಹಾಕಿಸ್ಬೇಡಿ."

"ಅಯ್ಯೋ, ಯಾಕೆ? ಒಳ್ಳೇದೇ ಆಯ್ತಲ್ಲ."

"ಬೇಡ ಅಂದ್ನಲ್ಲಮ್ಮ. ತಗೊಂಡು ಹೊರಡಿ ಮೊದ್ಲು."

ಅವಳು ಸಣ್ಣ ಮುಖ ಮಾಡಿಕೊಂಡು ಇಳಿದು ಹೋದಳು. ಅವಳ ಹೆಜ್ಜೆಯ ಸದ್ದು ಮುಗಿಯುವ ತನಕ ಅವನು ಕೌಂಟರಿನ ಅಂಚು ಹಿಡಿದು ನಿಂತಿದ್ದ. ಒಳ್ಳೇದೇ ಆಯ್ತಲ್ಲ. ತಪ್ಪು ಒಪ್ಪಿಕೊಂಡು ಹಗುರಾಗಲು ಹೋದವನ ಕೊರಳಿಗೆ ಹಾರ ಹಾಕಿ ಹೋಗಿದ್ದಳು. ಅದೇ ತಪ್ಪು, ಅದೇ ಮಾಡೆಲ್ಲು, ಅದೇ ಗಾಜು, ಅದೇ ಕೈ. ಒಂದಕ್ಕೆ ಗೋಡೆಯ ಮೇಲೆ ಹೆಸರು, ಇನ್ನೊಂದಕ್ಕೆ ಕೆನ್ನೆಯ ಮೇಲೆ ಏಟು, ಅದೂ ಬೇರೆಯವನ ಕೆನ್ನೆಗೆ. ಯಾರಿಗೆ ಹೇಳಬೇಕೋ ಅವರನ್ನು ಬಿಟ್ಟು ಯಾರಿಗೆ ಹೇಳಿದರೂ ಹೀಗೆಯೇ, ಬೇರೇನೋ ಆಗಿ ತಿರುಗಿ ಬರುತ್ತದೆ. ಮನೆಗೆ ಫೋನು ಮಾಡಿದ. ಅವನ ಅಂಗಡಿ ಎಲ್ಲಿದೆ ಎಂದು ಕೇಳಿದ. ಯಾರದು ಎಂದು ಹೆಂಡತಿ ಕೇಳಲಿಲ್ಲ. ಆ ಕಡೆ ಸುರಿಯುತ್ತಿದ್ದ ನಲ್ಲಿ ನಿಂತಿತು. ಹಳೆ ಅಂಚೆ ಕಚೇರಿಯ ಹಿಂದಿನ ಬೀದಿ, ಔಷಧಿ ಅಂಗಡಿಯ ಪಕ್ಕ, ಆರೂವರೆ ತನಕ ಇರ್ತಾನೆ ರೀ, ಎಂದಳು. ಅಲ್ಲಿ ಹೋಗಿ ಕೂಗಾಡಬೇಡಿ ಎಂದಳು. ನಾನ್ಯಾಕೆ ಕೂಗಾಡಲಿ ಎಂದು ಅವನು ಕೂಗಿದ.

ಕನ್ನಡಕದ ಅಂಗಡಿ ಅವನೆಣಿಸಿದ್ದಕ್ಕಿಂತ ಚಿಕ್ಕದು, ಚೊಕ್ಕಟವಾಗಿತ್ತು. ಮೂರು ಗೋಡೆಗೂ ಖಾಲಿ ಫ್ರೇಮುಗಳು. ಬಾಗಿಲಲ್ಲಿ ನಿಂತವನನ್ನು ಅವೆಲ್ಲ ಒಟ್ಟಿಗೆ ನೋಡಿದವು. ತಮ್ಮ ಒಳಮೂಲೆಯಲ್ಲಿ ಒಬ್ಬ ಮುದುಕರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಮುಂದಲೆ ಬೋಳಾಗಿತ್ತು. ತಲೆಯೆತ್ತಿ ನೋಡಿದ, ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ಕೂತ್ಕೊಳ್ಳಿ, ಬಂದೆ, ಎಂದ. ಬೀದಿಯಿಂದ ಬಂದ ಯಾರಿಗಾದರೂ ಹೇಳುವ ಹಾಗೆ, ಅಷ್ಟೇ ಮರ್ಯಾದೆಯಿಂದ. ಎಂಟು ವರ್ಷದವನಿದ್ದಾಗಿನಿಂದ ಏಕವಚನದಲ್ಲೇ ಜಗಳವಾಡಿಕೊಂಡು ಬೆಳೆದ ತಮ್ಮನ ಬಾಯಲ್ಲಿ ಆ ಬಹುವಚನ ಕೇಳಿ ಅವನು ಬೆಂಚಿನ ಮೇಲೆ ಕೂತುಬಿಟ್ಟ. ಪಕ್ಕದಲ್ಲಿ ಒಬ್ಬ ಹೆಂಗಸು ಮಗಳಿಗೆ ಫ್ರೇಮು ಆರಿಸಲು ಕಾದಿದ್ದಳು. ಒಳಗೆ ಮುದುಕರು ಕೆಳಗಿನ ಸಾಲಿನ ಅಕ್ಷರಗಳನ್ನು ತಡೆದು ತಡೆದು ಗಟ್ಟಿಯಾಗಿ ಓದುತ್ತಿದ್ದರು. ರ, ಠ, ಪ, ನ, ವ. ಮುದುಕರು ಎದ್ದು ಹೊರಗೆ ಬಂದರು. ತಮ್ಮ ಅವನತ್ತ ನೋಡಿ ಕುರ್ಚಿ ತೋರಿಸಿದ. ಅವನು ಹೇಳಲು ಬಂದದ್ದನ್ನು ನಿಂತೇ ಹೇಳಬೇಕೆಂದಿದ್ದ. ಹೋಗಿ ಕುರ್ಚಿಯಲ್ಲಿ ಕೂತ.

ತಮ್ಮ ಪರೀಕ್ಷೆಯ ಭಾರದ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿದ. ಬೆರಳು ತಣ್ಣಗಿದ್ದವು. ಹದಿನೈದು ವರ್ಷದಲ್ಲಿ ಮೊದಲ ಸಲ ಇಬ್ಬರ ಚರ್ಮ ತಾಗಿತ್ತು, ಅದೂ ಮುಖದ ಮೇಲೆ. ಎಡಗಣ್ಣಿಗೆ ಕಪ್ಪು ಬಿಲ್ಲೆ ಹಾಕಿ ಬಲಗಣ್ಣಿಗೆ ಒಂದೊಂದೇ ಗಾಜು ಇಳಿಸುತ್ತ, ಇದು ಚೆನ್ನಾಗಿದೆಯಾ, ಇದಾ, ಎಂದು ಕೇಳುತ್ತ ಹೋದ. ಅವನು ಉತ್ತರ ಕೊಡುತ್ತ ಹೋದ. ತಮ್ಮನ ಮುಖ ತೀರ ಹತ್ತಿರವಿದ್ದು, ಹತ್ತಿರವಿದ್ದುದರಿಂದಲೇ ಕಾಣದೆ, ಬರಿ ಉಸಿರಾಗಿತ್ತು. ಕಾಣದಿದ್ದದ್ದು ಅನುಕೂಲವಾಯಿತು.

"ಆವತ್ತು ಆ ಗಾಜು ತಿರುಗಿಸಿ ಹಾಕಿದ್ದು ನಾನು," ಎಂದ.

ಗಾಜು ಇಳಿಸುತ್ತಿದ್ದ ಕೈ ನಿಂತಿತು. ಆಮೇಲೆ ಇಳಿಸಿತು.

"ಗೊತ್ತು."

"ಏನು ಗೊತ್ತು?"

"ನೀವು ಹಾಕೋವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಯಾರ ಜೊತೆಗೋ ಫೋನಲ್ಲಿ ಬೈದಾಡ್ತಾ ಹಾಕಿದ್ರಿ. ನಾನು ನೋಡ್ದೆ." ತಮ್ಮನ ದನಿಯಲ್ಲಿ ಏನೂ ಇರಲಿಲ್ಲ, ಮಾಮೂಲಿ ವಿಷಯ ಹೇಳುವಂತೆ ಹೇಳಿದ. "ಹೊಡೆದಿದ್ದೆಲ್ಲ ಮರ್ತು ಹೋಗಿದೆ. ಆ ಮೀಸೆಯವನ ಹತ್ರ ತಪ್ಪಾಯ್ತು ಅನ್ನಿಸಿದ್ರಲ್ಲ, ಅದೊಂದು ಆಗಾಗ ನೆನಪಾಗುತ್ತೆ."

ಅವನಿಗೆ ಆ ಕೊನೆಯ ಮಾತು ಕೇಳಿಸಲಿಲ್ಲ, ಅಥವಾ ಕೇಳಿಸಿ ಆಮೇಲೆ ತಾಗಲೆಂದು ಎಲ್ಲೋ ಉಳಿಯಿತು. ನಾನು ನೋಡ್ದೆ ಎಂಬ ಮಾತಿನಲ್ಲೇ ಅವನು ನಿಂತಿದ್ದ.

"ನೋಡಿದ್ಯಾ? ನೋಡಿ ಸುಮ್ನೆ ನಿಂತಿದ್ಯಾ? ಗಿರಾಕಿ ಲೆನ್ಸು ಹಾಳಾಗ್ತಿದೆ, ನೋಡ್ಕೊಂಡು ಬಾಯಿ ಮುಚ್ಕೊಂಡು ನಿಂತಿದ್ಯಲ್ಲ, ಒಂದು ಮಾತು ಹೇಳೋಕೆ ನಿಂಗೇನಾಗಿತ್ತೋ ದೊಡ್ಡ ರೋಗ?"

ಹೊರಗೆ ಬೆಂಚಿನ ಮೇಲಿದ್ದ ಹೆಂಗಸು ಮಗಳ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಫ್ರೇಮು ಆರಿಸುತ್ತಿದ್ದ ಮುದುಕರು ಕನ್ನಡಿಯಿಂದ ತಿರುಗಿದರು. ತನ್ನ ದನಿ ಗೋಡೆಯ ಖಾಲಿ ಫ್ರೇಮುಗಳಿಗೆಲ್ಲ ತಾಗಿ ವಾಪಸು ಬಂದದ್ದನ್ನು ಅವನು ಕೇಳಿದ. ಕುರ್ಚಿಯ ಕೈಯಿಂದ ಅವನ ಬಲಗೈ ಮೇಲೆದ್ದಿತ್ತು, ಯಾಕೆ ಎದ್ದಿತ್ತೋ. ತಮ್ಮ ಹಿಂದೆ ಸರಿದಿರಲಿಲ್ಲ. ಕೆನ್ನೆ ಅಲ್ಲೇ, ಅಷ್ಟೇ ಹತ್ತಿರದಲ್ಲಿತ್ತು.

"ಇದಕ್ಕೇ ಹೇಳ್ಲಿಲ್ಲ ಅಣ್ಣ," ಎಂದ.

ಎದ್ದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ತೊಡೆಯ ಮೇಲಿಟ್ಟುಕೊಂಡ, ಅಲ್ಲಿ ಅದು ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ತನ್ನ ಅಂಗಡಿಯಲ್ಲಿ ಅಷ್ಟು ವರ್ಷ ತನಗೆ ಯಾರೂ ಏನೂ ಹೇಳಿರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ತಮ್ಮ ಹೇಳಿರಲಿಲ್ಲ, ಗಿರಾಕಿಗಳು ನಕ್ಕಿದ್ದರು, ಮನೆಯಲ್ಲಿ ಹೆಂಡತಿ ಹಲಗೆಗೆ ಹೇಳುತ್ತಿದ್ದಳು, ಮಗಳು ಒಂದು ಏಟಿನ ಮೇಲೆ ಕೇಳುವುದು ಬಿಟ್ಟಿದ್ದಳು. ಇನ್ನೂ ಎಷ್ಟು ಜನ ಪಕ್ಕದಲ್ಲಿ ನಿಂತು ಏನೇನು ನೋಡಿದ್ದಾರೋ. ತಪ್ಪಾಯ್ತು ಎನ್ನಲು ಬಾಯಿ ತೆರೆದ. ಬಂದದ್ದು ಕೆಮ್ಮು. ಕೆಮ್ಮಿನ ಹಿಂದೆ ಮಾತೂ ಬಂತು, ಅಷ್ಟು ಸಣ್ಣ ದನಿಯಲ್ಲಿ ಅವನು ಯಾವತ್ತೂ ಮಾತಾಡಿದವನಲ್ಲ, ತಮ್ಮನಿಗೆ ಕೇಳಿಸಿತೋ ಇಲ್ಲವೋ. ತಮ್ಮ ಮೂಗೊರೆಸಿಕೊಂಡು, ಹೊರಗಿನವರತ್ತ ಒಂದು ನಗು ಕಳಿಸಿ, ಪೆಟ್ಟಿಗೆಯಿಂದ ಬೇರೊಂದು ಗಾಜು ಆರಿಸಿಕೊಂಡ. ಬಲಗಣ್ಣಿಗೆ ಕಪ್ಪು ಬಿಲ್ಲೆ ಬದಲಾಯಿಸಿದ.

"ಎಡಗಣ್ಣು ಇನ್ನೂ ಆಗಿಲ್ಲ. ಅಲ್ಲಾಡಬೇಡ," ಎಂದ. "ಕೆಳಗಿನ ಸಾಲು ಓದು ನೋಡೋಣ."

ಕೆಳಗಿನ ಸಾಲು ಬಿಳಿ ಹಲಗೆಯ ಮೇಲೆ ಇರುವೆಗಳು ಸತ್ತು ಬಿದ್ದಂತಿತ್ತು. ಒಂದಕ್ಷರವೂ ಕಾಣುತ್ತಿರಲಿಲ್ಲ. ಮುದುಕರು ಓದಿದ್ದು ಮಾತ್ರ ಅವನ ಕಿವಿಯಲ್ಲಿ ಇನ್ನೂ ಇತ್ತು, ಇದ್ದ ಕ್ರಮದಲ್ಲೇ ಇತ್ತು. ಅವನ ಜ್ಞಾಪಕಶಕ್ತಿ ಮೊದಲಿನಿಂದಲೂ ಒಳ್ಳೆಯದು. ರ, ಎಂದು ನಾಲಗೆ ಮೇಲೆದ್ದಿತ್ತು ಸಹ. ತಮ್ಮ ಕಾಯುತ್ತಿದ್ದ. ಹೊರಗಿನವರೂ ಕಾಯುತ್ತಿದ್ದ ಹಾಗಿತ್ತು.

"ಕಾಣಿಸ್ತಿಲ್ಲ," ಎಂದ ಅವನು.

"ಒಂದೂನೂ?"

"ಒಂದೂ ಕಾಣಿಸ್ತಿಲ್ಲ ಕಣೋ."

ತಮ್ಮ ಹ್ಞೂಂ ಎಂದು ಹಾಕಿದ್ದ ಗಾಜನ್ನು ಎತ್ತಿ, ಇನ್ನೊಂದನ್ನು ಇಳಿಸಿದ.